ಗೆರೆಯ ಕೆಳಗಿನ ಬೆಳಕು

"ಗುರುಗಳೇ, ನನ್ನ ಕಾರ್ಖಾನೆಯಲ್ಲಿ ನಲವತ್ತು ಜನರಿದ್ದಾರೆ. ಮೂರು ವರ್ಷದಿಂದ ಒಬ್ಬರೂ ದೂರು ತಂದಿಲ್ಲ. ಎಲ್ಲ ಸರಿಯಿದೆ ಎಂದು ನಂಬಬಹುದೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರು ಹೇಳಿದರು:

ಒಬ್ಬ ವ್ಯಾಪಾರಿ ವಿಕಿರಣ ಅಳೆಯುವ ಡಿಟೆಕ್ಟರ್‌ಗಳನ್ನು ಮಾರುತ್ತಿದ್ದ. ಅವನಿಗೊಂದು ಕೆಲಸ ಬಂತು. ವೇಗದ ನ್ಯೂಟ್ರಾನ್‌ಗಳನ್ನು ಹೊರಬಿಡುವ ಯಂತ್ರ. ಅದರ ಮುಂದೆ ಗೋಡೆ. ಗೋಡೆಯ ಈಚೆ ಕುರ್ಚಿ. ಮರುದಿನದಿಂದ ಒಬ್ಬ ಆಪರೇಟರ್ ದಿನಕ್ಕೆ ಎಂಟು ಗಂಟೆ ಅಲ್ಲಿ ಕೂರಬೇಕು. ಗೋಡೆ ಸಾಕೇ, ಸಾಲದೇ ಎಂದು ಅಳೆದು ಹೇಳಬೇಕು.

ಇದಕ್ಕಾಗಿ ವ್ಯಾಪಾರಿ ಪ್ಲಾಸ್ಟಿಕ್ ಎಳೆಗಳ ಕಟ್ಟಿನಿಂದ ಒಂದು ಡಿಟೆಕ್ಟರ್ ಮಾಡಿಸಿದ. ನ್ಯೂಟ್ರಾನ್ ತಾನಾಗಿ ಬೆಳಕು ಕೊಡುವುದಿಲ್ಲ. ಅದು ಪ್ಲಾಸ್ಟಿಕ್ಕಿನೊಳಗಿನ ಪ್ರೋಟಾನಿಗೆ ಗುದ್ದುತ್ತದೆ. ಗುದ್ದು ತಿಂದ ಪ್ರೋಟಾನ್ ಓಡಿದಾಗ ಎಳೆ ಮಿನುಗುತ್ತದೆ.

ಒಬ್ಬ ಪಂಡಿತ ಇದನ್ನೆಲ್ಲ ಕಂಪ್ಯೂಟರಿನೊಳಗೆ ಕಟ್ಟಿ, ಒಂದು ಕೋಟಿ ನ್ಯೂಟ್ರಾನ್ ಹಾರಿಸಿ ನೋಡಿದ. ಎಷ್ಟು ಶಕ್ತಿಗೆ ಎಷ್ಟು ಬೆಳಕು ಎಂಬುದನ್ನು ಗಾಮಾ ಕಿರಣದಿಂದ ಗೊತ್ತುಮಾಡಿಕೊಂಡಿದ್ದ. ಗಾಮಾ ಸುಲಭವಾಗಿ ಸಿಗುತ್ತದೆ. ಆ ಲೆಕ್ಕದ ಮೇಲೆ ಒಂದು ಗೆರೆ ಎಳೆದ. ಗೆರೆಗಿಂತ ಮಂಕಾದ ಮಿನುಗೆಲ್ಲ ಬರೀ ಗದ್ದಲ, ನ್ಯೂಟ್ರಾನ್ ಅಲ್ಲ, ಎಣಿಸಬಾರದು.

ಕುರ್ಚಿಯ ಮೇಲೆ ಡಿಟೆಕ್ಟರ್ ಇಟ್ಟು ಯಂತ್ರ ಚಾಲೂ ಮಾಡಿದರು. ಎಣಿಕೆ ಹೆಚ್ಚುಕಡಿಮೆ ಸೊನ್ನೆ.

"ಗೋಡೆ ಭದ್ರವಾಗಿದೆ ಸಾಹುಕಾರರೇ, ಬರೆದು ಕೊಟ್ಟುಬಿಡಿ," ಎಂದ ಪಂಡಿತ.

"ಕೊಡೋಣ. ಒಂದು ಸಲ ಇದನ್ನು ಗೋಡೆಯ ಆಚೆ, ಯಂತ್ರದ ಎದುರಿಗೇ ಇಡಿ," ಎಂದ ವ್ಯಾಪಾರಿ.

ಇಟ್ಟರು. ಅಲ್ಲಿಯೂ ಸೊನ್ನೆ.

"ಆಚೆಯೂ ಏನಿಲ್ಲ ಅಂದರೆ ಈ ಗೋಡೆ ಯಾಕೆ ಸ್ವಾಮಿ? ಕ್ಯಾಲೆಂಡರ್ ತೂಗುಹಾಕುವುದಕ್ಕಾ?"

ಪಂಡಿತ ಲೆಕ್ಕವನ್ನು ಮತ್ತೆ ಬಿಚ್ಚಿದ. ಗಾಮಾ ಗುದ್ದುವುದು ಎಲೆಕ್ಟ್ರಾನಿಗೆ. ಅದು ಹಗುರ, ಚೆನ್ನಾಗಿ ಬೆಳಗುತ್ತದೆ. ಪ್ರೋಟಾನ್ ಭಾರ. ಅಷ್ಟೇ ಪೆಟ್ಟು ತಿಂದರೂ ಅದರ ಬೆಳಕು ಮೂರರಲ್ಲೊಂದು ಪಾಲಿನಷ್ಟೂ ಬರುವುದಿಲ್ಲ. ಲೆಕ್ಕದಲ್ಲಿ ಅವನು ಎರಡಕ್ಕೂ ಒಂದೇ ಬೆಳಕು ಕೊಟ್ಟಿದ್ದ. ಹೀಗಾಗಿ ಬಂದ ನ್ಯೂಟ್ರಾನ್‌ಗಳೆಲ್ಲ ಗೆರೆಯ ಕೆಳಗೇ ಉಳಿದಿದ್ದವು. ಡಿಟೆಕ್ಟರನ್ನು ಸುಮ್ಮನಿರಿಸಿದ್ದು ಗೋಡೆಯಲ್ಲ, ಅವನೇ.

ಗೆರೆ ಇಳಿಸಿ ಮತ್ತೆ ಕುರ್ಚಿಯ ಮೇಲೆ ಇಟ್ಟರು. ಎಣಿಕೆ ಏರುತ್ತಲೇ ಹೋಯಿತು. ಗೋಡೆಯನ್ನು ಎರಡರಷ್ಟು ದಪ್ಪ ಮಾಡುವವರೆಗೆ ಆಪರೇಟರ್ ಅಲ್ಲಿ ಕೂರಲಿಲ್ಲ.

"ತಿಳಿಯಿತು ಗುರುಗಳೇ. ಆದರೆ ನಮ್ಮಲ್ಲಿ ನಿಜವಾಗಿಯೂ ಯಾರೂ ಏನೂ ಹೇಳುತ್ತಿಲ್ಲ," ಎಂದ ಶಿಷ್ಯ.

ಗುರು ಕೇಳಿದರು: "ಮೂರು ವರ್ಷದ ಹಿಂದೆ ದೂರು ತಂದವನು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾನೆ?"

ತಾನು ಕೆಲಸದಿಂದ ತೆಗೆದಿದ್ದ ಆ ಮನುಷ್ಯನ ವಿಳಾಸ ಹುಡುಕಲು ಶಿಷ್ಯ ಎದ್ದು ಹೊರಟ.