“ಸುಮ್ಮನಿರ್ರಿ” ಎಂದದ್ದು ಯಾರಿಗೆ?

ಪೂಜ್ಯ ಅಡವಯ್ಯ ಅಜ್ಜನವರು ಆ ಬೆಳಿಗ್ಗೆ ಮಠದ ಪಡಸಾಲೆಯಲ್ಲಿ ಗೋಣಿಚೀಲ ಹಾಸಿ ಕುಳಿತು, ದಾಸೋಹದ ಜೋಳವನ್ನು ಮೊರದಲ್ಲಿ ಹಸನು ಮಾಡುತ್ತಿದ್ದರು. ಗದ್ದುಗೆಯ ಮೇಲಿಂದ ಅಪ್ಪಣೆ ಕೊಡುವ ಗುರುಗಳಲ್ಲ ಅವರು. ದರ್ಶನ ಬೇಕೆಂದವರು ಅಡುಗೆಮನೆಗೋ ದನದ ಕೊಟ್ಟಿಗೆಗೋ ಹೋಗಬೇಕಾಗುತ್ತಿತ್ತು. ಅಷ್ಟರಲ್ಲಿ ಡೊಳ್ಳಿನ ಸದ್ದು ಕೇಳಿಸಿತು. ಜನ ತುಂಬಿದ ಟ್ರ್ಯಾಕ್ಟರೊಂದು ಬಾಗಿಲಿಗೇ ಬಂದು ನಿಂತಿತು.

ಮೊದಲು ಜಿಗಿದವನು ಹಿಟ್ಟಿನ ಗಿರಣಿಯ ಸಣ್ಣೀರಪ್ಪ. ಹೆಮ್ಮೆಯಿಂದ ಅವನ ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತುಬರುವಂತಿತ್ತು. ತೀರಿಹೋದ ಅಕ್ಕನ ಮಗಳು ಫಕ್ಕೀರವ್ವನನ್ನು ಕೈತುತ್ತು ಹಾಕಿ ಬೆಳೆಸಿದ ಸೋದರಮಾವ ಅವನು. ಕಾಲೇಜಿಗೆ ಹೋಗುತ್ತಿದ್ದ ಆ ಹುಡುಗಿಯ ಜೊತೆ ಈಗ ದೇವರೇ ಮಾತಾಡುತ್ತಿದ್ದಾನೆಂದು ಅವನ ನಂಬಿಕೆ. ಓದು ಬಿಟ್ಟಳು, ಗೆಳತಿಯರನ್ನು ಬಿಟ್ಟಳು. ಆಹಾ, ವೈರಾಗ್ಯ! ಊಟ ಮುಟ್ಟಲಿಲ್ಲ. ವ್ರತ! “ನೀರಾಗ ಇಸಾ ಹಾಕ್ಯಾರ” ಎಂದು ತಂಬಿಗೆ ಚೆಲ್ಲಿದಳು. ವಿಷ ಕುಡಿದ ನೀಲಕಂಠನೇ ಮೈಮೇಲೆ ಬಂದನಲ್ಲಪ್ಪಾ! ಪಾಪ, ಅವನ ಹಿಂದೆ ಟ್ರ್ಯಾಕ್ಟರ್ ಇಳಿದ ಹುಡುಗಿ ನಿದ್ದೆಯಿಲ್ಲದೆ ಒಣಗಿ ಕಡ್ಡಿಯಾಗಿದ್ದಳು.

“ಅಜ್ಜಾರ, ನೀವೊಮ್ಮೆ ಹೂಂ ಅನ್ರಿ. ಇವತ್ತ ಇಕೀನ್ನ ಗದ್ದಿಗಿ ಮ್ಯಾಲೆ ಕೂಡ್ರಸ್ತೀವಿ,” ಎಂದು ಸಣ್ಣೀರಪ್ಪ ಅಡ್ಡಬಿದ್ದ.

ಗುರುಗಳು ಹುಡುಗಿಯನ್ನೇ ನೋಡುತ್ತಿದ್ದರು. ಬಂದವರಲ್ಲೊಬ್ಬ ರೈತ ತಡೆಯಲಾರದೆ ಅವಳನ್ನು ಕೇಳಿಯೇಬಿಟ್ಟ: “ಅವ್ವಾ, ಹೊಲದಾಗ ಬೋರ್ ಹಾಕಸ್ಲೇನು?”

ಫಕ್ಕೀರವ್ವ ಎರಡೂ ಕಿವಿ ಮುಚ್ಚಿಕೊಂಡು “ಸುಮ್ಮನಿರ್ರಿ!” ಎಂದು ಚೀರಿದಳು.

“ಕೇಳಿದ್ಯಾ? ಬೋರ್ ಬ್ಯಾಡ, ಸುಮ್ಮನಿರು ಅಂದ್ಲು ತಾಯಿ!” ಎಂದು ಸಣ್ಣೀರಪ್ಪ ಅರ್ಥ ಹೇಳಿದ. ಈ ಮುಂಚೆ ಊರಲ್ಲಿ ಹೊಲದ ವ್ಯಾಜ್ಯ ಕೇಳಿದವನಿಗೂ ಇದೇ ಅಪ್ಪಣೆಯಾಗಿತ್ತು, ಮಗಳ ಮದುವೆ ಕೇಳಿದವಳಿಗೂ ಇದೇ. ಭಕ್ತರು ಅಪ್ಪಣೆ ಮೀರುವವರಲ್ಲ. ಅರ್ಧ ಊರು ಕೆಲಸ ಬಿಟ್ಟು ಸುಮ್ಮನೆ ಕುಳಿತಿತ್ತು.

ಅಜ್ಜನವರು ಮೊರ ಬದಿಗಿಟ್ಟು ಎದ್ದು ಬಂದು, ಹುಡುಗಿಯ ಎದುರು ಬರಿನೆಲದ ಮೇಲೆ ಕುಳಿತರು.

“ತಂಗಿ, ಸುಮ್ಮನಿರ್ರಿ ಅಂದ್ಯಲ್ಲ, ಯಾರಿಗೆ ಅಂದಿ?”

ಈ ಮಾತನ್ನು ಈವರೆಗೆ ಯಾರೂ ಕೇಳಿರಲಿಲ್ಲ. “ಇವರಿಗಲ್ರಿ ಅಜ್ಜಾರ. ಕಿವಿಯಾಗ ಮಾತಾಡ್ತಾರಲ್ರಿ, ಅವರಿಗೆ. ಹಗಲೂ ರಾತ್ರಿ ಬೈತಾರ್ರಿ. ಸಾಯಿ ಅಂತಾರ್ರಿ. ನನಗ ಭಾಳ ಅಂಜಿಕಿ ಬರ್ತೈತ್ರಿ,” ಎಂದು ಗಳಗಳನೆ ಅತ್ತಳು.

ಡೊಳ್ಳು ನಿಂತಿತು. ಸಣ್ಣೀರಪ್ಪ ಹಣೆ ಬಡಿದುಕೊಂಡ. “ಅಯ್ಯೋ ನನ್ನವ್ವಾ! ನೀ ಅಂಜಿ ಸಾಯಾಕತ್ತಿದ್ದಿ, ನಾ ಡೊಳ್ಳು ಬಾರಿಸಿದ್ನಲ್ಲವ್ವಾ!”

“ಇದು ದೇವರಲ್ಲ, ದೆವ್ವಾನೂ ಅಲ್ಲ. ಜಡ್ಡು,” ಎಂದರು ಅಜ್ಜನವರು. “ದವಾಖಾನಿಗೆ ನಡೀರಿ.”

“ನೀವೇ ಒಂದು ತಾಯತ ಕಟ್ರಿ ಅಜ್ಜಾರ! ತಲಿ ಡಾಕ್ಟರ್ ಕಡೆ ಹೋದ್ರ ಮಂದಿ ಹುಚ್ಚಿ ಅಂತಾರ್ರಿ,” ಎಂದು ಸಣ್ಣೀರಪ್ಪ ಅಂಗಲಾಚಿದ.

“ಸಕ್ರಿ ಜಡ್ಡಿಗೆ ನಾವು ದಿನಾ ಗುಳಿಗಿ ನುಂಗ್ತೀವಿ. ನಮ್ಮನ್ನ ಯಾರರ ಗದ್ದಿಗಿಯಿಂದ ಇಳಿಸ್ಯಾರೇನು?” ಎಂದವರೇ ಗುರುಗಳು ತಾವೇ ಟ್ರ್ಯಾಕ್ಟರ್ ಹತ್ತಿ ಕುಳಿತರು.

ದವಾಖಾನೆಯ ಬಾಗಿಲಲ್ಲಾದ ಮಜಾ ಕೇಳಿ. ಗದ್ದುಗೆಗೆಂದು ತಂದಿದ್ದ ಹೂಮಾಲೆ ಹಿಡಿದು ಎದೆ ಬಡಿದುಕೊಳ್ಳುತ್ತಿದ್ದ ಸಣ್ಣೀರಪ್ಪನನ್ನೇ ಪೇಷಂಟ್ ಎಂದುಕೊಂಡ ಕಾಂಪೌಂಡರ್, ಅವನ ರಟ್ಟೆ ಹಿಡಿದು ಒಳಗೆ ಎಳೆದೊಯ್ದ. “ಇರ್ಲಿ, ಇವಂಗೂ ತುಸು ಬುದ್ಧಿ ಹೇಳಿ ಕಳಿಸ್ರಿ,” ಎಂದು ಅಜ್ಜನವರು ನಕ್ಕರಂತೆ.

ಹರೆಯದ ಮಕ್ಕಳಲ್ಲಿ ಈ ಜಡ್ಡು ಕಾಣಿಸಿಕೊಳ್ಳುವುದುಂಟು, ದವಾಖಾನೆಗೆ ಬೇಗ ಕರೆತಂದಷ್ಟೂ ಒಳ್ಳೆಯದು ಎಂದರು ಡಾಕ್ಟರಮ್ಮ. ಗುಳಿಗೆ ನಡುವೆ ಬಿಡಿಸಬೇಡಿ, ನಿದ್ದೆ ಕೆಡಿಸಬೇಡಿ, ಅವಳ ಮಾತು ಕೇಳಿ ಎಂದು ತಿಳಿಹೇಳಿದರು. ಸಣ್ಣೀರಪ್ಪ ಅದನ್ನೇ ವ್ರತವಾಗಿ ಹಿಡಿದ. ಗುಳಿಗೆಯ ಹೊತ್ತಿಗೆ ಗಿರಣಿ ನಿಲ್ಲಿಸಿ ಓಡಿಬರುತ್ತಿದ್ದ. ನೀರನ್ನು ಮೊದಲು ತಾನು ಕುಡಿದು ತೋರಿಸಿ, ಆಮೇಲೆ ಅವಳಿಗೆ ಕೊಡುತ್ತಿದ್ದ.

ಎಷ್ಟೋ ತಿಂಗಳಾದ ಮೇಲೆ ಅವರಿಬ್ಬರೇ ಮಠಕ್ಕೆ ಬಂದರು. ಹುಡುಗಿಯ ಮೈ ತುಂಬಿಕೊಂಡಿತ್ತು, ಮುಖಕ್ಕೆ ಕಳೆ ಬಂದಿತ್ತು.

“ಆ ಮಾತು ಇನ್ನೂ ಕೇಳಸ್ತಾವೇನು ತಂಗಿ?” ಎಂದು ಅಜ್ಜನವರು ವಿಚಾರಿಸಿದರು.

ಉತ್ತರ ಕೊಡಲು ಬಾಯಿ ತೆರೆದ ಸಣ್ಣೀರಪ್ಪ ಹಾಗೆಯೇ ಮುಚ್ಚಿಕೊಂಡು, ಕೈಕಟ್ಟಿ ಸೋದರಸೊಸೆಯ ಕಡೆ ತಿರುಗಿದ.

“ಅಪರೂಪಕ್ಕ ಕೇಳಸ್ತಾವ್ರಿ ಅಜ್ಜಾರ,” ಎಂದಳು ಫಕ್ಕೀರವ್ವ. “ಆದ್ರ ಅವು ಹೇಳಿದಂಗ ಈಗ ನಾ ಕೇಳಂಗಿಲ್ರಿ. ನನಗ ಕಾಲೇಜ್ ಐತಿ.”

ಸಣ್ಣೀರಪ್ಪ ಆ ಮಾತಿಗೆ ಯಾವ ಅರ್ಥವನ್ನೂ ಹೇಳಲಿಲ್ಲ. ಗುರುಪಾದಕ್ಕೆ ಹಣೆ ಹಚ್ಚಿ, ಸಣ್ಣ ಹುಡುಗನಂತೆ ಅತ್ತುಬಿಟ್ಟ.