ಎಮ್ಮೆಯ ಬಾಲದ ತುದಿ ಬೆಳ್ಳಗೆ ಉಳಿದದ್ದು

ಬೆಟ್ಟಗಳು ಇನ್ನೂ ಹಸಿಮಣ್ಣಾಗಿದ್ದ ಕಾಲ. ಮುಟ್ಟಿದರೆ ಬೆರಳಚ್ಚು ಮೂಡುತ್ತಿತ್ತು. ಆಗ ಗಾಳಿಗೂ ಬಾಯಿತ್ತು, ಮರಕ್ಕೂ ಬಾಯಿತ್ತು. ಸಂಜೆ ಜಗಲಿಯಲ್ಲಿ ಕೂತರೆ ಗಾಳಿ ಬಂದು, ಊಟ ಆಯಿತಾ ಅಂತ ಕೇಳಿಕೊಂಡು ಹೋಗುತ್ತಿತ್ತು. ಈಗಿನ ಗಾಳಿ ಸುಮ್ಮನೆ ಹಾದುಹೋಗುತ್ತದೆ. ಎಂಥ ಕಾಲ ಅದು!

ನಾನು ಕಂಡವನಲ್ಲ. ನನ್ನ ಮುತ್ತಜ್ಜನ ಮುತ್ತಜ್ಜ ಚಿಕ್ಕೀರಣ್ಣ ಕಂಡಿದ್ದ. ಕೊಡಲಿ ಬೆಟ್ಟದಡಿ ಸಿಕ್ಕಿಕೊಂಡರೆ, ಎಡಗೈಯಲ್ಲಿ ಬೆಟ್ಟ ಎತ್ತಿ ಬಲಗೈಯಲ್ಲಿ ಕೊಡಲಿ ತೆಗೆದುಕೊಂಡ ಆಸಾಮಿ. ನಮ್ಮ ವಂಶದಲ್ಲಿ ಸುಳ್ಳು ಹೇಳುವವರು ಹುಟ್ಟಿಯೇ ಇಲ್ಲ.

ಆಗ ಎಮ್ಮೆ ಬೆಳ್ಳಗಿತ್ತು. ಮಲ್ಲಿಗೆ ಮೊಗ್ಗು ನಾಚಬೇಕು, ಅಷ್ಟು ಬೆಳ್ಳಗೆ. ಚಿಕ್ಕೀರಣ್ಣನ ಎಮ್ಮೆಯ ಹೆಸರೇ ಬೆಳ್ಳಿ. ಅದಕ್ಕೊಂದು ಪುಟ್ಟ ಕರು, ಅದೂ ಬೆಳ್ಳಗೆ.

ಒಂದು ಬೇಸಿಗೆಯಲ್ಲಿ ಬೆಳ್ಳಿಗೆ ಕಜ್ಜಿ ಹತ್ತಿತು. ಬಂಡೆಗೆ ಮೈ ತಿಕ್ಕಿತು, ತುರಿಕೆ ಹೋಗಲಿಲ್ಲ. ಬೇಲಿಗೆ ಮೈ ತಿಕ್ಕಿತು, ತುರಿಕೆ ಹೋಗಲಿಲ್ಲ. ಕರು ಮೊಲೆಗೆ ಬಾಯಿ ಹಾಕಿದರೆ ಸಾಕು, ತಡೆಯಲಾರದೆ ಕಾಲು ಝಾಡಿಸುತ್ತಿತ್ತು. ಹಾಲಿಲ್ಲದೆ ಕರುವಿನ ಪಕ್ಕೆಲುಬು ಕಾಣತೊಡಗಿದವು.

"ಅಣ್ಣಾ, ನನ್ನ ಮೈ ಹಾಳಾಗಲಿ. ನನ್ನ ಕೂಸು ಉಳಿಯಬೇಕು" ಅಂತ ಬೆಳ್ಳಿ ಅತ್ತಿತು.

ಚಿಕ್ಕೀರಣ್ಣ ಗಾಳಿಯನ್ನು ಕೇಳಿದ. "ನಾನು ಊರೂರು ಅಲೆಯೋಳು, ಮದ್ದು ಎಲ್ಲಿ ಕಲೀಲಿ? ತೆಂಗಿನಮರಾನ ಕೇಳು" ಅಂದಿತು ಗಾಳಿ.

ತೆಂಗಿನಮರ ನಕ್ಕಿತು. "ಎಳನೀರು ಕುಡಿದೆ, ಕಾಯಿ ತಿಂದೆ, ನಾರಲ್ಲಿ ಹಗ್ಗ ಹೊಸೆದೆ. ಕರಟ ಮಾತ್ರ ತಿಪ್ಪೆಗೆ ಎಸೆದೆ. ಮದ್ದು ಇರೋದು ಅದರಲ್ಲೇ ಕಣೋ, ದಡ್ಡ!"

ಮರ ಹೇಳಿಕೊಟ್ಟಂತೆ ಚಿಕ್ಕೀರಣ್ಣನ ಹೆಂಡತಿ ಸಣ್ಣಕ್ಕ ಒಂದು ಗಡಿಗೆಯನ್ನು ನೆಲದಲ್ಲಿ ಹೂತಳು. ತಳದಲ್ಲಿ ತೂತಿದ್ದ ಇನ್ನೊಂದು ಗಡಿಗೆಗೆ ಕರಟದ ಚೂರು ತುಂಬಿ, ಬಾಯಿ ಮುಚ್ಚಿ, ಅದರ ಮೇಲೆ ಕೂರಿಸಿದಳು. ಸಂದಿಗೆಲ್ಲ ಮಣ್ಣು ಮೆತ್ತಿ, ಸುತ್ತ ಬೆರಣಿ ಒಟ್ಟಿ ಬೆಂಕಿ ಕೊಟ್ಟಳು. ಬೆಂಕಿ ಆರಿದ ಮೇಲೆ ನೋಡಿದರೆ ಕೆಳಗಿನ ಗಡಿಗೆಯಲ್ಲಿ ಎಣ್ಣೆ ಇಳಿದಿತ್ತು. ಕರ್ರಗೆ, ಮಂದವಾಗಿ, ಹೊಗೆ ವಾಸನೆಯ ಎಣ್ಣೆ.

"ಒಂದು ತೊಟ್ಟು ಸಾಕಂತೆ. ಅದನ್ನೂ ಕೊಬ್ಬರಿ ಎಣ್ಣೇಲಿ ಬೆರೆಸಿ, ಕಜ್ಜಿ ಇರೋ ಕಡೆ ಮಾತ್ರ ಸವರಬೇಕಂತೆ. ಒಳಗಿಂದ ತರ್ತೀನಿ, ಅಲ್ಲೀಗಂಟ ಮುಟ್ಟಬೇಡಿ" ಅಂದಳು ಸಣ್ಣಕ್ಕ.

"ತೊಟ್ಟಂತೆ, ತೊಟ್ಟು! ತೊಟ್ಟಿನ ಲೆಕ್ಕದಲ್ಲಿ ಕೆಲಸ ಮಾಡಿದವರು ನಮ್ಮ ಮನೆತನದಲ್ಲಿ ಯಾರಿದ್ದಾರೆ?"

ಅವಳು ಒಳಗೆ ಹೋದದ್ದೇ ತಡ, ಚಿಕ್ಕೀರಣ್ಣ ಇಡೀ ಗಡಿಗೆಯನ್ನು ಎಮ್ಮೆಯ ಮೈಗೆ ಸುರಿದ. ಮೂತಿಯಿಂದ ಗೊರಸಿನ ತನಕ ಬಳಿದ. ಬಾಲದ ತುದಿಯೊಂದು ಅತ್ತಿತ್ತ ಬೀಸಾಡುತ್ತ ಅವನ ಕೈಗೆ ಸಿಗಲೇ ಇಲ್ಲ.

"ಉರಿ! ಉರಿ! ಅಣ್ಣಾ, ಸತ್ತೆ!" ಅಂತ ಬೆಳ್ಳಿ ಓಡಿಹೋಗಿ ಕೆರೆಗೆ ಬಿತ್ತು. ನೀರು ಎಷ್ಟು ಮೇಲೆ ಹಾರಿತು ಅಂದರೆ, ಚಂದ್ರ ಒದ್ದೆಯಾದ.

ಕೆರೆಯಲ್ಲಿ ಕೂತು ಕೂತು ಉರಿ ಇಳಿಯಿತು. ತುರಿಕೆಯೂ ಇಳಿಯಿತು. ಬಣ್ಣ ಮಾತ್ರ ಇಳಿಯಲಿಲ್ಲ.

ಕರ್ರಗೆ ಮಿಂಚುತ್ತ ಮೇಲೆ ಬಂದ ಬೆಳ್ಳಿಯನ್ನು ನೋಡಿ ಕರು ಹಿಂದೆ ಸರಿಯಿತು.

"ಯಾರು ನೀನು?"

"ನಿಮ್ಮವ್ವ ಕಣೋ, ಬಾ."

"ನಮ್ಮವ್ವ ಬೆಳ್ಳಗಿದ್ದಾಳೆ. ನಮ್ಮವ್ವ ಹಾಲು ಹಾಲು ವಾಸನೆ. ನೀನು ಒಲೆ ವಾಸನೆ."

ಕರುವಿನ ಕಾಲು ನಡುಗುತ್ತಿತ್ತು. ಇನ್ನೊಂದು ಹೊತ್ತು ಹಾಲಿಲ್ಲದಿದ್ದರೆ ಬಿದ್ದೇಹೋಗುತ್ತಿತ್ತು.

"ಕಜ್ಜಿ ಕಳೆದಿರಿ, ಜೊತೆಗೆ ತಾಯೀನೂ ಕಳೆದಿರಿ. ಭಲೇ ಮನೆತನ!" ಅಂದಳು ಸಣ್ಣಕ್ಕ. ಚಿಕ್ಕೀರಣ್ಣ ಎಣ್ಣೆ ಹತ್ತಿದ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟ. ನಮ್ಮ ವಂಶದಲ್ಲಿ ಏನಾದರೂ ಬಚ್ಚಿಟ್ಟದ್ದು ಅದೊಂದೇ ಸಲ.

ಬೆಳ್ಳಿ ಅಳು ನುಂಗಿಕೊಂಡು ಆ ಕಡೆ ತಿರುಗಿತು. ಬೆನ್ನ ಮೇಲೆ ನೊಣ ಕೂತಿತು. ಬಾಲ ಬೀಸಿತು. ತುದಿಯಲ್ಲಿ ಒಂದು ಹಿಡಿ ಬೆಳ್ಳನೆಯ ಕೂದಲು!

"ಅವ್ವಾ!" ಅಂದಿತು ಕರು. ಓಡಿಬಂದು ಹಿಂದಿನಿಂದಲೇ ತಲೆ ತೂರಿಸಿ, ಕಣ್ಣು ಮುಚ್ಚಿ ಹಾಲು ಕುಡಿಯಿತು. ತಾಯಿಯ ಮೈಯ ಎಣ್ಣೆ ಹತ್ತಿ ಹತ್ತಿ ಅದೂ ಹೊಗೆಯ ಬಣ್ಣಕ್ಕೆ ತಿರುಗಿತು. ಬೆಳ್ಳಿ ಕಾಲು ಝಾಡಿಸಲಿಲ್ಲ. ಅಲ್ಲಾಡದೆ ನಿಂತಿತ್ತು.

ಆ ಗಾಳಿ ಈಗ ಮಾತಾಡುವುದಿಲ್ಲ. ಸಣ್ಣಕ್ಕನ ಗಡಿಗೆಯೂ ಒಡೆದುಹೋಯಿತು. ಆದರೆ ಮಕ್ಕಳೇ, ಎಮ್ಮೆ ಇವತ್ತಿಗೂ ಮೂಗಿನ ತನಕ ಕೆರೆಯಲ್ಲಿ ಕೂರುತ್ತದೆ, ಮೇಲೆ ಬಂದರೆ ಕರ್ರಗೇ ಇರುತ್ತದೆ, ಮತ್ತು ಬಾಲದ ಬಿಳಿ ತುದಿ ಬೀಸುತ್ತ ಅದು ಮನೆಗೆ ಹೊರಟರೆ ಕರು ದಾರಿ ತಪ್ಪದೆ ಹಿಂದೆಯೇ ಬರುತ್ತದೆ.