ಬೆಳ್ಳಿ ಕೇಬಲ್ಲಿನ ಉಂಗುರದ ಸದ್ದು

ಇರುವೆ ಸೀನಿದರೂ ಕೇಳುವ ಕಿವಿ ನನ್ನದು. ಹಾಗಾಗಿಯೇ ಮಧ್ಯಾಹ್ನದ ಜೊಂಪಿನಲ್ಲಿ ನಮ್ಮ ಸ್ಪೀಕರಿನ ತಂತಿಗಳ ಮಾತೂ ಕೇಳಿಸಿತು.

"ನಾಳೆ ನೀನು ಗುಜರಿಗೆ, ಅಜ್ಜ," ಎಂದಿತು ಹೊಸ ಬೆಳ್ಳಿ ಕೇಬಲ್. "ವೀಣೆ ನನ್ನೊಳಗೆ ಹರಿದರೆ ವೈಣಿಕರ ಉಸಿರೂ ಕೇಳುತ್ತದೆ."

"ವೀಣೆ ನನ್ನೊಳಗೂ ಹರಿದಿದೆ, ಮಗಳೇ," ಎಂದಿತು ಹಳೆಯ ಕರಿ ವೈರು.

ಅಷ್ಟರಲ್ಲಿ ನನ್ನವಳು ಲಲಿತಾಂಬ ಬಂದಳು. "ಹಳೇದನ್ನ ಎಸೆಯೋ ಮುಂಚೆ ನಿಮ್ಮ ಕಿವಿ ನೋಡೋಣ, ಹಾಡ್ತಿರೋದು ಯಾವ ತಂತಿ ಹೇಳಿ," ಎಂದು ನನ್ನ ಕಣ್ಣಿಗೆ ಟವೆಲ್ ಕಟ್ಟಿ, ವೀಣೆಯ ಪ್ಲೇಟು ಹಾಕಿದಳು. ಕುರ್ಚಿ ದೋಣಿಯಾಯಿತು. ನಾನು ತೇಲುತ್ತ ಎರಡು ಮೋಡ ದಾಟಿದೆ.

"ಇದೇ ಬೆಳ್ಳಿ ಕಣೇ. ವೈಣಿಕರ ಉಂಗುರದ ಸದ್ದೂ ಕೇಳ್ತಿದೆ."

"ಹೌದೌದು. ಟವೆಲ್ ಬಿಚ್ಚಿ, ಕಿವಿರಾಯರೇ."

ಹಾಡುತ್ತಿದ್ದದ್ದು ಕರಿ ವೈರು. ಬೆಳ್ಳಿ ಕೇಬಲ್ಲನ್ನು ಕಿಟಕಿಗೆ ಬಿಗಿದು, ಅದರ ಮೇಲೆ ನನ್ನದೇ ಬನಿಯನ್ ಒಣಹಾಕಿದ್ದಳು.

"ಇನ್ನು ನಾನೇ ಗುಜರಿಗೆ," ಎಂದು ಬೆಳ್ಳಿ ಬಿಕ್ಕಿತು.

"ಯಾರೂ ಹೋಗುವುದು ಬೇಡ," ಎಂದಿತು ಕರಿ ವೈರು. "ಕೆಲಸ ನನಗಿರಲಿ, ಹೊಗಳಿಕೆ ನಿನಗಿರಲಿ."

ಅಂದಿನಿಂದ ಬೆಳ್ಳಿ ಕೇಬಲ್ ಯಾವುದಕ್ಕೂ ಜೋಡಣೆಯಾಗದೆ ಸ್ಪೀಕರಿನ ಮುಂದೆ ಮಲಗಿದೆ. ಬಂದವರಿಗೆಲ್ಲ ನಾನು ಅದನ್ನೇ ತೋರಿಸುತ್ತೇನೆ. ಅವರಿಗೂ ಉಂಗುರದ ಸದ್ದು ಕೇಳಿಸುತ್ತದೆ.